ಟಚ್‌ಪ್ಯಾಡಿಗೆ ತಕ್ಕ ಹೊತ್ತಿನಲ್ಲಿ ಬಿಡುವು: ಲಿನಕ್ಸ್‌ನಲ್ಲಿ ಒಂದು ಸಣ್ಣ ಬೇಡಿಕೆ ನಡೆದು ಬಂದ ದಾರಿ

ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ತಾಗಿ ಕರ್ಸರ್ ಬೇರೆ ಸಾಲಿಗೆ ಹಾರುತ್ತದೆ. ಡಿಜಿಟಲ್ ಪೆನ್ನಿನಲ್ಲಿ ಚಿತ್ರ ಬಿಡಿಸುವಾಗ ಪರದೆಗೆ ಊರಿದ ಕೈಯೂ ಗೆರೆ ಎಳೆಯುತ್ತದೆ. ಬೇಡದ ಸಾಧನವನ್ನು ಆ ಕೆಲಸ ಮುಗಿಯುವ ತನಕ ಸುಮ್ಮನಿರಿಸಿದರೆ ಎರಡೂ ತೊಂದರೆ ತಪ್ಪುತ್ತವೆ. ಪ್ರೋಗ್ರಾಂ ತೆರೆದೊಡನೆ ಸಾಧನ ನಿಲ್ಲಬೇಕು, ಮುಚ್ಚಿದೊಡನೆ ಮರಳಬೇಕು. ಲಿನಕ್ಸ್‌ನಲ್ಲಿ ಈ ಅನುಕೂಲ ಒಂದೇ ಸಲಕ್ಕೆ ಒದಗಿದ್ದಲ್ಲ.

1987ರಲ್ಲಿ ಬಂದ ಎಕ್ಸ್11 ವಿಂಡೋ ವ್ಯವಸ್ಥೆ ಒಂದು ಕೀಬೋರ್ಡ್, ಒಂದು ಮೌಸ್ ಎಂಬ ಲೆಕ್ಕದಲ್ಲಿ ರೂಪುಗೊಂಡಿತ್ತು. ಸಾಧನಗಳ ವಿವರವನ್ನು ಸಂರಚನಾ ಕಡತದಲ್ಲಿ ಬರೆದಿಡಬೇಕಿತ್ತು. 2007ರ ಸುಮಾರಿಗೆ, ಎಕ್ಸ್ ಸರ್ವರ್ ನಡೆಯುತ್ತಿರುವಾಗಲೇ ಸಾಧನಗಳನ್ನು ಸೇರಿಸಿ ತೆಗೆಯುವ ಸೌಲಭ್ಯ ಬಂತು. 2009ರಲ್ಲಿ ಪ್ರತಿ ಸಾಧನದ ಗುಣಲಕ್ಷಣಗಳನ್ನು ಹೊರಗಿನಿಂದ ಬದಲಿಸಲು ಸಾಧ್ಯವಾಯಿತು. ‘ಎಕ್ಸ್‌ಇನ್‌ಪುಟ್’ ಆಜ್ಞೆಯ ಒಂದು ಸಾಲಿನಿಂದ ಟಚ್‌ಪ್ಯಾಡನ್ನು ನಿಲ್ಲಿಸಬಹುದಾದದ್ದು ಹೀಗೆ.

ಅಂಗೈ ತಾಗುವ ತೊಂದರೆಗೆ ‘ಸಿನ್‌ಡೀಮನ್’ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಕೊನೆಯ ಕೀಲಿ ಒತ್ತಿದ ಮೇಲೆ ಎರಡು ಸೆಕೆಂಡು ಟಚ್‌ಪ್ಯಾಡನ್ನು ತಡೆದಿಡುವುದು ಅದರ ಮೂಲ ನಿಯಮ. 2014ರಲ್ಲಿ ಹುಟ್ಟಿದ, ಇನ್‌ಪುಟ್ ಸಾಧನಗಳನ್ನು ನಿಭಾಯಿಸುವ ಲೈಬ್ರರಿ ‘ಲಿಬ್‌ಇನ್‌ಪುಟ್’ ಈ ಗುಣವನ್ನು ತನ್ನೊಳಗೇ ಅಳವಡಿಸಿಕೊಂಡಿತು. ಆದರೆ ಬರಹಗಾರನಿಗೆ ಹಿತವಾದ ನಿಯಮವೇ ಆಟಗಾರನಿಗೆ ಅಡ್ಡಿ: ಕೀಲಿಗಳನ್ನೊತ್ತಿ ಮುಂದೆ ಸಾಗುತ್ತಲೇ ಟಚ್‌ಪ್ಯಾಡಿನಿಂದ ಗುರಿ ಹಿಡಿಯುವುದು ಅವನಿಗೆ ಆಗುವುದಿಲ್ಲ. ಬೆರಳಿನ ಚಲನೆಯಿಂದಷ್ಟೇ ಬಳಕೆದಾರನ ಉದ್ದೇಶ ತಿಳಿಯದು. ಯಾವ ಪ್ರೋಗ್ರಾಂ ನಡೆಯುತ್ತಿದೆ ಎಂಬುದೂ ಗೊತ್ತಿರಬೇಕು. ಸ್ಕ್ರಿಪ್ಟ್ ಬೇಕಾಗುವುದು ಇಲ್ಲಿ.

ಅಂಥ ಸ್ಕ್ರಿಪ್ಟಿಗೆ ಮೂರು ದಾರಿಗಳಿವೆ. ‘ಪಿಗ್ರೆಪ್’ ಆಜ್ಞೆಯಿಂದ ಕೆಲವು ಸೆಕೆಂಡಿಗೊಮ್ಮೆ ಪ್ರೋಗ್ರಾಂ ನಡೆಯುತ್ತಿದೆಯೇ ಎಂದು ನೋಡುವುದು ಸುಲಭ, ಆದರೆ ಪ್ರತಿಕ್ರಿಯೆ ತಡವಾಗುತ್ತದೆ. ಮುನ್ನೆಲೆಯ ಕಿಟಕಿ ಬದಲಾದಾಗಲೆಲ್ಲ ಸೂಚನೆ ಪಡೆಯುವುದು ಹೆಚ್ಚು ಚುರುಕು. ಮೂರನೆಯದರಲ್ಲಿ ಸ್ಕ್ರಿಪ್ಟೇ ಸಾಧನವನ್ನು ನಿಲ್ಲಿಸಿ, ಪ್ರೋಗ್ರಾಂ ನಡೆಸಿ, ಅದು ಮುಗಿದ ಮೇಲೆ ಸಾಧನವನ್ನು ಮರಳಿಸುತ್ತದೆ. ಮೂರರಲ್ಲೂ ಸಾಧನವನ್ನು ಹೆಸರಿನಿಂದಲೇ ಗುರುತಿಸುವುದು ಲೇಸು. ಕಳಚಿ ಮತ್ತೆ ಜೋಡಿಸಿದರೆ ಅದರ ಸಂಖ್ಯೆ ಬದಲಾಗಬಹುದು.

ನನ್ನ ದೃಷ್ಟಿಯಲ್ಲಿ ಈ ವಿದ್ಯೆಯ ಜೀವಾಳ ನಿಲ್ಲಿಸುವುದಲ್ಲ, ಮರಳಿಸುವುದು. ಸ್ಕ್ರಿಪ್ಟ್ ನಡುವೆ ಮುರಿದುಬಿದ್ದರೆ ಟಚ್‌ಪ್ಯಾಡ್ ಸತ್ತಂತೆಯೇ ಉಳಿಯುತ್ತದೆ. ಬ್ಯಾಶ್‌ನ ‘ಟ್ರ್ಯಾಪ್’ ಆಜ್ಞೆ ಸ್ಕ್ರಿಪ್ಟ್ ಹೊರಬೀಳುವಾಗ ಮರುಸ್ಥಾಪನೆ ನಡೆಯುವಂತೆ ನೋಡಿಕೊಳ್ಳುತ್ತದೆ. ಆದರೆ ಪ್ರೋಗ್ರಾಂ ಅನ್ನು ಬಲವಂತವಾಗಿ ಕೊನೆಗೊಳಿಸುವ ‘ಕಿಲ್ -9’ ಹೊಡೆತದ ಮುಂದೆ ಅದೂ ನಿಷ್ಪ್ರಯೋಜಕ. ಆದ್ದರಿಂದ ಸಾಧನವನ್ನು ಮರಳಿಸುವ ಕೀಬೋರ್ಡ್ ಶಾರ್ಟ್‌ಕಟ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಲೇಬೇಕು.

ಎಕ್ಸ್11ರ ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ ಚಿತ್ರ ಬದಲಾಯಿತು. ಅಲ್ಲಿ ಸಾಧನಗಳು, ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ಕಂಪೋಸಿಟರ್‌ನ ವಶದಲ್ಲಿರುತ್ತವೆ. ಎಕ್ಸ್‌ಇನ್‌ಪುಟ್‌ಗೆ ನಿಜವಾದ ಟಚ್‌ಪ್ಯಾಡ್ ಕಾಣುವುದೇ ಇಲ್ಲ. ಸ್ವೇ ಮತ್ತು ಗ್ನೋಮ್ ಡೆಸ್ಕ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ನಿಲ್ಲಿಸುವ ಆಜ್ಞೆಗಳೇ ಬೇರೆ ಬೇರೆ. ಹೀಗಾಗಿ ಒಂದೇ ಸ್ಕ್ರಿಪ್ಟ್ ಎಲ್ಲೆಡೆ ನಡೆಯದು. 2021ರಲ್ಲಿ ಬಂದ ಲಿನಕ್ಸ್ ಕರ್ನಲ್ 5.11 ಈ ಕೊರತೆಯನ್ನು ಬುಡದಲ್ಲೇ ತುಂಬಿತು: ಪ್ರತಿ ಇನ್‌ಪುಟ್ ಸಾಧನಕ್ಕೂ ಒಂದೊಂದು ‘ಇನ್‌ಹಿಬಿಟೆಡ್’ ಕಡತ. ಅದರಲ್ಲಿ 1 ಎಂದು ಬರೆದರೆ ಡೆಸ್ಕ್‌ಟಾಪ್ ಯಾವುದೇ ಇರಲಿ, ಸಾಧನ ಮೌನವಾಗುತ್ತದೆ. ಆದರೆ ಬರೆಯಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು.

ಅಂದರೆ ಬಿಡಿಬಿಡಿ ಸಲಕರಣೆಗಳೆಲ್ಲ ಈಗ ನಮ್ಮ ಕೈಯಲ್ಲಿವೆ, ಆದರೆ ಅವನ್ನು ಬಳಸಲು ಟರ್ಮಿನಲ್ ಬಲ್ಲವರೇ ಆಗಬೇಕು. ಕೈ ನಡುಗುವವರಿಗೆ, ಇಡೀ ದಿನ ಚಿತ್ರ ಬಿಡಿಸುವವರಿಗೆ ಇದು ಬರೀ ಅನುಕೂಲದ ಮಾತಲ್ಲ. ಕೆಲಸ ಸಾಗುವುದೋ ನಿಲ್ಲುವುದೋ ಎಂಬ ಪ್ರಶ್ನೆ. ‘ಈ ಪ್ರೋಗ್ರಾಂ ನಡೆಯುವಾಗ ಈ ಸಾಧನ ಬೇಡ’ ಎಂದು ಯಾರು ಬೇಕಾದರೂ ಗುರುತು ಹಾಕಬಲ್ಲ ಒಂದು ಆಯ್ಕೆ, ಮರುಸ್ಥಾಪನೆಯ ಭರವಸೆಯೊಡನೆ, ಪ್ರತಿ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲೂ ಇರಬೇಕು. ಡೆಸ್ಕ್‌ಟಾಪ್ ಕಟ್ಟುವವರು ಮುಂದೆ ಇಡಬೇಕಾದ ಹೆಜ್ಜೆ ಇದೇ.