ಹೊಡೆತಗಳ ಸಂಧಿಕಾರ್ಯ

‘ಕಾಂಬೊ’ ಎಂಬ ಮಾತನ್ನು ಈಗ ಹೋಟೆಲುಗಳ ಫಲಕದಲ್ಲಿಯೂ ಕಾಣಬಹುದು. ಅಲ್ಲಿ ಅದಕ್ಕೆ ಎರಡು ತಿಂಡಿ, ಒಂದು ಬೆಲೆ ಎಂದರ್ಥ. ವಿ.ಸಿ. ಫಾರಂನಲ್ಲಿ ನಮ್ಮ ನೆರೆಮನೆಯ ಹುಡುಗನ ಬಾಯಲ್ಲಿ ಅದರ ಅರ್ಥವೇ ಬೇರೆ. ಜಪಾನಿನ ‘ಅನಿಮೆ’ ಚಿತ್ರಗಳಿಂದ ಎದ್ದು ಬಂದಂತಿರುವ ಇಬ್ಬರು ವೀರರು ತೆರೆಯ ಮೇಲೆ ಕಾದಾಡುವ ವಿಡಿಯೋ ಆಟವೊಂದುಂಟು. ಅದರಲ್ಲಿ ಮೊದಲ ಏಟು ತಗುಲಿದ ಎದುರಾಳಿ ಸಾವರಿಸಿಕೊಳ್ಳುವುದರೊಳಗೆ ಎರಡನೆಯದು, ಅದರ ಬೆನ್ನಿಗೇ ಮೂರನೆಯದು ಬೀಳಬೇಕು. ಹೀಗೆ ಬಿಡುವಿಲ್ಲದೆ ಹೆಣೆದ ಹೊಡೆತಗಳ ಸರಣಿಯೇ ಕಾಂಬೊ. ಇದನ್ನು ಕಲಿಯಲು ಹುಡುಗರು ತಿಂಗಳುಗಟ್ಟಲೆ ಕೂರುವುದನ್ನು ಕಂಡ ಹಿರಿಯರು, “ಗುಂಡಿ ಒತ್ತುವುದೂ ಒಂದು ವಿದ್ಯೆಯೆ?” ಎಂದು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ, ಆದರೆ ಉತ್ತರ ಹೇಳುವ ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ತಿಳಿಯಬೇಕು.

ಸೋಜಿಗವೆಂದರೆ, ಇದನ್ನು ಯಾರೂ ಬೇಕೆಂದು ಹುಟ್ಟಿಸಲಿಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ‘ಸ್ಟ್ರೀಟ್ ಫೈಟರ್ 2’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ನಡುವೆ ಒಂದು ಮೋಟಾರು ಗಾಡಿಯನ್ನು ಗುದ್ದಿ ಪುಡಿಮಾಡುವ ಪ್ರಸಂಗವಿದೆ. ಆ ಭಾಗವನ್ನು ಪರೀಕ್ಷಿಸುತ್ತಿದ್ದ ನೊರಿಟಾಕಾ ಫುನಾಮಿಜು ಅವರಿಗೆ, ಕಾಲವರಿತು ಒತ್ತಿದರೆ ಒಂದೇಟು ಮುಗಿಯುತ್ತಿದ್ದಂತೆಯೇ ಇನ್ನೊಂದು ಕೂಡಿಕೊಳ್ಳುವುದು ಕಂಡಿತು. ಇಷ್ಟು ಕಷ್ಟದ ಕೆಲಸ ಯಾರಿಗೂ ಕೈಹತ್ತಲಾರದೆಂದು ಅವರು ಅದನ್ನು ಹಾಗೆಯೇ ಬಿಟ್ಟರು. ಆಡುವವರು ಬಿಡಲಿಲ್ಲ. 1993ರ ‘ಸೂಪರ್ ಸ್ಟ್ರೀಟ್ ಫೈಟರ್ 2’ ಬರುವ ವೇಳೆಗೆ ಸರಣಿಯಲ್ಲಿ ಎಷ್ಟು ಏಟು ಬಿದ್ದವೆಂದು ತೆರೆಯೇ ಎಣಿಸಿ ತೋರಿಸತೊಡಗಿತು. ದೋಷವು ಗುಣವಾಗಿ ಪಟ್ಟಕ್ಕೇರಿತು. 1998ರಲ್ಲಿ ಡೈಸುಕೆ ಇಶಿವಾತಾರಿ ಅವರ ‘ಗಿಲ್ಟಿ ಗಿಯರ್’ ಬಂದು, ಗುದ್ದಿನಿಂದ ಒದೆತಕ್ಕೆ, ಒದೆತದಿಂದ ಕತ್ತಿಯೇಟಿಗೆ ಹರಿಯುವ ಸರಣಿಯನ್ನೇ ಆಟದ ಬೆನ್ನೆಲುಬಾಗಿಸಿತು. ಅನಿಮೆ ಬಗೆಯ ಕಾಳಗದಾಟಗಳೆಂದು ಇಂದು ಕರೆಸಿಕೊಳ್ಳುವ ವಂಶಕ್ಕೆ ಅದೂ ಒಬ್ಬ ಮೂಲಪುರುಷ.

ಈ ಜೋಡಣೆಯ ಮರ್ಮವನ್ನು ನಮ್ಮ ವ್ಯಾಕರಣದ ಮಾತಿನಲ್ಲಿಯೇ ಹೇಳಬಹುದೆಂದು ನನಗೆ ತೋರುತ್ತದೆ. ಇಂಥ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ಪ್ರತಿಯೊಂದು ಏಟಿಗೂ ಎತ್ತುವ ಕೈ, ತಗುಲುವ ಕೈ, ಹಿಂದೆಗೆಯುವ ಕೈ ಎಂದು ಮೂರು ಹಂತಗಳು. ಏಟು ತಿಂದವನು ತತ್ತರಿಸುವುದಕ್ಕೂ ಇಂತಿಷ್ಟೇ ಚಿತ್ರಗಳೆಂದು ಲೆಕ್ಕವುಂಟು. ಕೆಲವೆಡೆ ಹಿಂದೆಗೆಯುವ ಹಂತವನ್ನು ಕತ್ತರಿಸಿ ಮುಂದಿನ ಏಟನ್ನು ತೊಡಗಬಹುದು. ‘ಊರು’, ‘ಅನ್ನು’ ಸೇರಿ ‘ಊರನ್ನು’ ಆಗುವಾಗ ನಡುವಿನ ಉಕಾರ ಜಾರಿಹೋಗುವುದಿಲ್ಲವೆ? ಇದು ಹೊಡೆತಗಳ ಲೋಪಸಂಧಿ. ಇನ್ನು ಕೆಲವೆಡೆ ಯಾವುದೂ ಲೋಪವಾಗದು; ಮೊದಲನೆಯದು ಪೂರ್ತಿ ಮುಗಿಯಬೇಕು, ಎದುರಾಳಿಯ ತತ್ತರ ಮಾತ್ರ ಮುಗಿದಿರಬಾರದು. ಆ ಸಂದು ಒಮ್ಮೊಮ್ಮೆ ಒಂದೇ ಚಿತ್ರದಷ್ಟು, ಎಂದರೆ ಸೆಕೆಂಡಿನ 60ರಲ್ಲಿ ಒಂದು ಪಾಲು. ಅಲ್ಲಿ ಬೆರಳನ್ನು ಕಣ್ಣು ನಡೆಸಲಾರದು, ಅಭ್ಯಾಸವೇ ನಡೆಸಬೇಕು. ಕಲಿಯುವವನು ಹತ್ತು ಏಟುಗಳನ್ನು ಒಟ್ಟಿಗೆ ಕಲಿಯುವುದಿಲ್ಲ. ಎದುರಿಗೆ ಸುಮ್ಮನೆ ನಿಲ್ಲುವ ಗೊಂಬೆಯನ್ನಿಟ್ಟುಕೊಂಡು ಎರಡನ್ನು ಬೆಸೆಯುತ್ತಾನೆ, ಆಮೇಲೆ ಮೂರನೆಯದನ್ನು ಕೂಡಿಸುತ್ತಾನೆ. ಗೊಂಬೆಯ ಮುಂದೆ ನೂರು ಸಲ ಬಂದದ್ದು ಮನುಷ್ಯನ ಮುಂದೆ ಮೊದಲ ಸಲಕ್ಕೇ ಕೈಕೊಡುತ್ತದೆ.

ಗರಡಿಯ ಮಣ್ಣನ್ನು ಮುಟ್ಟಿದವರಿಗೆ ಇದೆಲ್ಲ ಹೊಸತೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದವನ್ನು ವಿವರಿಸುವಾಗ, ಭಾರವೆತ್ತುವುದು, ಈಜು, ಕಂಬದ ಸಾಧನೆ ಮೊದಲಾದ ಶ್ರಮಗಳನ್ನು ಒಂದೊಂದಾಗಿ ಹೆಸರಿಸಿದ್ದಾನೆ. ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವಂತೂ ಮಲ್ಲರ ಊರೇ. 1610ರಲ್ಲಿ ರಾಜ ಒಡೆಯರು ದಸರೆಯನ್ನು ತೊಡಗಿಸಿದ್ದು ಅಲ್ಲಿ. 1638ರಿಂದ 1659ರ ವರೆಗೆ ಅಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಗರ್ವಿಷ್ಠ ಜಟ್ಟಿಯನ್ನು ಮಣಿಸಿದ ಐತಿಹ್ಯವನ್ನು ಕೇಳದ ಮಕ್ಕಳು ನಮ್ಮ ಕಾಲದಲ್ಲಿರಲಿಲ್ಲ. ಹೈದರ್, ಟಿಪ್ಪು ಇವರ ಕಾಲದಲ್ಲಿ ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನು, ಕೈಗೆ ಆಯುಧ ತೊಟ್ಟ ಜಟ್ಟಿಗಳ ಕಾಳಗವನ್ನು ಬಣ್ಣಿಸಿದ್ದಾನೆ. ಅವನ ಪುಸ್ತಕ 1824ರಲ್ಲಿ ಅಚ್ಚಾಯಿತು.

ಗರಡಿಯ ಉಸ್ತಾದರು ಕಲಿಸುವ ಕ್ರಮವೂ ಇದೇ. ದಂಡ, ಬಸ್ಕಿಗಳಾದ ಮೇಲೆ ಒಂದು ಪಟ್ಟು. ಜೊತೆಗಾರ ಎದುರಿಸದೆ ಮೈಕೊಡುತ್ತಾನೆ. ಕೈ ಪಳಗಿದ ಮೇಲೆ ಅವನು ಎದುರಿಸುತ್ತಾನೆ. ಒಂದೇ ಪಟ್ಟಿಗೆ ಚಿತ್ತಾಗುವ ಪೈಲ್ವಾನರು ಕಡಮೆ. ಕಾಲಿಗೆ ಕೈಹಾಕುವಂತೆ ನಟಿಸಬೇಕು, ಅವನು ಬಾಗಿದೊಡನೆ ಕತ್ತನ್ನು ಅದುಮಬೇಕು, ಅವನು ತಲೆಯೆತ್ತುವ ಕ್ಷಣದಲ್ಲಿ ಸುತ್ತಿ ಬೆನ್ನಹಿಂದೆ ಸೇರಬೇಕು.

ಆದರೆ ಗರಡಿಯಲ್ಲಿ ಪ್ರತಿ ಪಟ್ಟಿಗೂ ಮರುಪಟ್ಟುಂಟು. ಕಲಿಸುವಾಗಲೇ ಎರಡನ್ನೂ ಕಲಿಸುತ್ತಾರೆ. ಕಾಂಬೊ ಹುಟ್ಟಿದ್ದು ಮರುಪಟ್ಟಿಲ್ಲದೆ. ಸಿಕ್ಕಿಬಿದ್ದವನು ಗುಂಡಿಗಳ ಮೇಲೆ ಕೈಯಿಟ್ಟು ತನ್ನ ವೀರನು ನುಗ್ಗಾಗುವುದನ್ನು ನೋಡುತ್ತ ಕೂರಬೇಕು. ಇದು ಆಟವಲ್ಲ, ಶಿಕ್ಷೆ. ತಯಾರಕರಿಗೂ ಇದು ಹೊಳೆಯದಿರಲಿಲ್ಲ. 1994ರ ‘ಕಿಲ್ಲರ್ ಇನ್‌ಸ್ಟಿಂಕ್ಟ್’ನಲ್ಲಿ ಸರಣಿಯನ್ನು ನಡುವೆ ಮುರಿಯುವ ಉಪಾಯ ಬಂತು. ‘ಗಿಲ್ಟಿ ಗಿಯರ್’ನವರು 2002ರ ‘ಎಕ್ಸ್ ಎಕ್ಸ್’ ಆವೃತ್ತಿಯಲ್ಲಿ ‘ಬರ್ಸ್ಟ್’ ಎಂಬುದನ್ನು ತಂದರು: ಏಟು ತಿನ್ನುತ್ತಿರುವವನೇ ಸಿಡಿದು ಹೊಡೆಯುವವನನ್ನು ಎತ್ತಿ ಎಸೆಯಬಹುದು, ಆದರೆ ಒಮ್ಮೆ ಬಳಸಿದರೆ ಅದು ಮತ್ತೆ ತುಂಬಲು ಬಹಳ ಹೊತ್ತು ಬೇಕು. ಅಂದಿನಿಂದ ಸರಣಿ ಕಲಿಯುವವನು ಎದುರಾಳಿ ಎಲ್ಲಿ ಸಿಡಿಯಬಹುದೆಂಬುದನ್ನೂ ಊಹಿಸಬೇಕಾಯಿತು. ಕೈಯ ವಿದ್ಯೆ ಮನಸ್ಸಿನದೂ ಆದದ್ದು ಇಲ್ಲಿಯೇ ಎಂದು ನನ್ನ ಮತ. ಹಿರಿಯರ ಪ್ರಶ್ನೆಗೂ ಇದೇ ಉತ್ತರ.

ಒಂದು ವಿಷಯದಲ್ಲಿ ಮಾತ್ರ ಈ ಹುಡುಗರು ನಮ್ಮ ಮಲ್ಲರನ್ನು ಮೀರಿಸಿದ್ದಾರೆ. ಅವರು ಬರೆದಿಡುತ್ತಾರೆ. ಗಣಕದ ಅಂಕಿಗುಂಡಿಗಳಲ್ಲಿ ನಡುವಿನ 5 ಎಂದರೆ ಸುಮ್ಮನಿರುವ ಕೈ. 2 ಎಂದರೆ ಕೆಳಕ್ಕೆ, 6 ಎಂದರೆ ಮುಂದಕ್ಕೆ. 236 ಎಂದು ಬರೆದರೆ ಕೆಳಗಿನಿಂದ ಮುಂದಕ್ಕೆ ಕಾಲುಸುತ್ತು ತಿರುಗಿಸು ಎಂದಾಯಿತು. ಟೋಕಿಯೋದವನು ಬರೆದುದನ್ನು ಮಂಡ್ಯದವನು ಭಾಷೆಯ ಹಂಗಿಲ್ಲದೆ ಓದಿ ಆಡುತ್ತಾನೆ. ನಮ್ಮಲ್ಲಿ ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಇಳಿಯುತ್ತಾರೆ. ತಲೆಯಿಂದ ಮೊದಲ ಹನಿ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಆ ಹನಿಗೆ ಮುನ್ನ ಕೈಕಾಲುಗಳು ಹಿಡಿದ ವರಸೆ ಆ ಮನೆತನಗಳ ಮೈಯಲ್ಲಿದೆ. ಗರಡಿಗಳಲ್ಲಿ ಇನ್ನೂ ಉಳಿದಿರುವ ಹಳೆಯ ಉಸ್ತಾದರ ಮುಂದೆ ಯಾರಾದರೂ ಕುಳಿತು, ಬಲಗಾಲಿಗೆ ಒಂದು, ಎಡಗೈಗೆ ಒಂದು ಎಂದು ಅಂಕಿಯಿಟ್ಟು, ಒಂದೊಂದು ಪಟ್ಟನ್ನೂ ಅದರ ಮರುಪಟ್ಟನ್ನೂ ಬರೆದುಕೊಳ್ಳಬೇಕು. ಈ ಕೆಲಸಕ್ಕೆ ಆಟದ ಹುಡುಗರಿಗಿಂತ ತಕ್ಕವರು ನನಗೆ ತೋರುವುದಿಲ್ಲ.