ಸಂಕೋಚವಿಲ್ಲದ ಗುರುಗಳು

ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದ ವಿಜ್ಞಾನದ ಮೇಷ್ಟ್ರು ನಾನು. ನಿವೃತ್ತಿಯ ನಂತರ ಇಮಾಮ್ ಗಜಾಲಿಯವರ ಬಗ್ಗೆ ಓದಿದಾಗ ಆ ಸಂಕೋಚ ನೆನಪಾಗಿ ನಾಚಿಕೆಯಾಯಿತು.

1111ರಲ್ಲಿ ತೀರಿಕೊಂಡ ಈ ಧರ್ಮಪಂಡಿತರು ತಮ್ಮ ಮೇರುಕೃತಿ ‘ಇಹ್ಯಾ ಉಲೂಮ್ ಅದ್ದೀನ್’ನಲ್ಲಿ ನಮಾಜು, ಉಪವಾಸಗಳ ಜೊತೆಗೆ ದಾಂಪತ್ಯದ ನಡವಳಿಕೆಗೂ ಒಂದು ಭಾಗವನ್ನೇ ಮೀಸಲಿಟ್ಟರು. ಪತಿಯಾದವನು ತನ್ನ ಸುಖದಷ್ಟಕ್ಕೇ ನಿಲ್ಲದೆ ಪತ್ನಿಯ ತೃಪ್ತಿಗೂ ಕಾಯಬೇಕೆಂದರು; ಹೆರಿಗೆಯ ಅಪಾಯ, ಹೆಚ್ಚು ಮಕ್ಕಳ ಹೊರೆ ತಪ್ಪಿಸಲು ಗರ್ಭನಿರೋಧಕ್ಕೂ ಸಮ್ಮತಿಸಿದರು. ಇಬ್ನ್ ಹಜ್ಮ್‌ರಂಥ ಪಂಡಿತರು ಅದನ್ನು ಒಪ್ಪಿರಲಿಲ್ಲ. ಆದರೆ ವಾದ ನಡೆದದ್ದು ಬಹಿರಂಗವಾಗಿ, ಗ್ರಂಥಗಳಲ್ಲಿ.

ಒಂಬೈನೂರು ವರ್ಷಗಳ ಹಿಂದೆ ಧರ್ಮಗುರುವೊಬ್ಬರು ಬರೆಯಬಲ್ಲದ್ದನ್ನು ನಾನು ಕಪ್ಪುಹಲಗೆಯ ಮುಂದೆ ನಿಂತು ಹೇಳಲಾರದೆ ಹೋದೆ. ನನ್ನ ವಿದ್ಯಾರ್ಥಿಗಳು ಕ್ಷಮಿಸಲಿ.