ಕ್ಷಯದ ವಾರ್ಡಿನಲ್ಲಿ ಕಂಡ ನಗು

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಸೀ ವ್ಯೂ ಎಂಬ ದೊಡ್ಡ ಕ್ಷಯರೋಗ ಆಸ್ಪತ್ರೆಯಿತ್ತು. 1952ರಲ್ಲಿ ಅಲ್ಲಿ ತೆಗೆದ ಕೆಲವು ಫೋಟೋಗಳು ಪತ್ರಿಕೆಗಳಲ್ಲಿ ಅಚ್ಚಾದವು. ಬದುಕುವ ಆಸೆಯನ್ನೇ ಬಿಟ್ಟಿದ್ದ ರೋಗಿಗಳು ಅವುಗಳಲ್ಲಿ ನಗುತ್ತಿದ್ದಾರೆ, ಕುಣಿಯುತ್ತಿದ್ದಾರೆ. ವೈದ್ಯಕೀಯ ಚರಿತ್ರೆ ಓದುವವರಿಗೆ ಈ ಚಿತ್ರಗಳು ಒಂದಲ್ಲ ಒಂದು ದಿನ ಎದುರಾಗುತ್ತವೆ. ಅವರು ಯಾಕೆ ಕುಣಿದರು ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ, ಇವತ್ತು ನಮ್ಮ ಊರಿನ ಔಷಧದಂಗಡಿಯಲ್ಲಿ ಕೊಡುವ ಎರಡು ಮಾತ್ರೆಗಳವರೆಗೆ ಬಂದು ನಿಲ್ಲುತ್ತೇವೆ.

ಆ ವಾರ್ಡಿನಲ್ಲಿ ಪರೀಕ್ಷೆಗೆ ಒಳಗಾದ ಔಷಧಿಗಳು ಐಸೋನಿಯಾಝಿಡ್ ಮತ್ತು ಅದರ ಹತ್ತಿರದ ಸಂಬಂಧಿ ಐಪ್ರೋನಿಯಾಝಿಡ್. ಐಸೋನಿಯಾಝಿಡ್ ಅನ್ನು 1912ರಲ್ಲೇ ಪ್ರಾಗ್‌ನಲ್ಲಿ ಹಾನ್ಸ್ ಮೇಯರ್ ಮತ್ತು ಜೋಸೆಫ್ ಮ್ಯಾಲಿ ತಯಾರಿಸಿದ್ದರು. ಆಗ ಅದರಿಂದ ಏನು ಉಪಯೋಗ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಕಳೆದ ಮೇಲೆ ಮೂರು ಕಂಪನಿಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಅದು ಕ್ಷಯಕ್ಕೆ ಮದ್ದು ಎಂದು ಕಂಡುಕೊಂಡವು. ಹಳೆಯ ವಸ್ತುವಾದ್ದರಿಂದ ಪೇಟೆಂಟ್ ಯಾರಿಗೂ ಸಿಗಲಿಲ್ಲ, ಬೆಲೆ ಅಗ್ಗವಾಯಿತು. ಇಂದಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲಿ ಅದು ಇದೆ.

ಐಪ್ರೋನಿಯಾಝಿಡ್‌ನ ಕಥೆ ಬೇರೆಯೇ ದಾರಿ ಹಿಡಿಯಿತು. ಅದನ್ನು ತೆಗೆದುಕೊಂಡ ರೋಗಿಗಳಿಗೆ ಹಸಿವು ಹೆಚ್ಚಿತು, ಉತ್ಸಾಹ ಉಕ್ಕಿತು. ಶ್ವಾಸಕೋಶ ಇನ್ನೂ ವಾಸಿಯಾಗದವರೂ ಗೆಲುವಾದರು. ಸೀ ವ್ಯೂನಲ್ಲಿ ಎಡ್ವರ್ಡ್ ರಾಬಿಟ್ಜೆಕ್ ಮತ್ತು ಇರ್ವಿಂಗ್ ಸೆಲಿಕಾಫ್ ಎಂಬ ವೈದ್ಯರು ಇದನ್ನು ಅಡ್ಡಪರಿಣಾಮವೆಂದು ಬರೆದುಕೊಂಡರು. ಅದೇ ವರ್ಷ ಶಿಕಾಗೋದಲ್ಲಿ ಅರ್ನ್ಸ್ಟ್ ಆಲ್ಬರ್ಟ್ ಝೆಲ್ಲರ್, ಈ ಔಷಧಿಯು ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದ. ಮಿದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆದುಹಾಕುವುದು ಈ ಕಿಣ್ವದ ಕೆಲಸ. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಐಪ್ರೋನಿಯಾಝಿಡ್ ಅನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಹೀಗೆ ಖಿನ್ನತೆಗೆ ಮೊದಲ ಮಾತ್ರೆಗಳಲ್ಲೊಂದು ಕ್ಷಯದ ವಾರ್ಡಿನಿಂದ ಎದ್ದು ಬಂತು.

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಯಕೃತ್ತಿಗೆ ಹಾನಿ ಮಾಡುತ್ತದೆಂದು 1961ರಲ್ಲಿ ಅಮೆರಿಕದಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅದೇ ಗುಂಪಿನ ಬೇರೆ ಮಾತ್ರೆಗಳು ಮಾತ್ರ ಬಳಕೆಯಲ್ಲಿದ್ದವು. ಅವನ್ನು ನುಂಗುವ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದು ರಕ್ತದೊತ್ತಡ ಏರುತ್ತಿತ್ತು. 1963ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಬಗ್ಗೆ ಬರೆದಾಗ, ನಾಟಿಂಗ್‌ಹ್ಯಾಮ್‌ನ ರೋ ಎಂಬ ಔಷಧ ವ್ಯಾಪಾರಿಯಿಂದ ಒಂದು ಪತ್ರ ಬಂತು. ತನ್ನ ಹೆಂಡತಿಗೆ ಚೀಸ್ ತಿಂದಾಗ ಎರಡು ಬಾರಿ ಹೀಗಾಯಿತು ಎಂದು ಆತ ಬರೆದಿದ್ದ. ಮೊದಲಿಗೆ ಅದು ತಮಾಷೆಯಂತೆ ಕಂಡಿತು. ಆದರೆ ಆತನ ಮಾತೇ ನಿಜವಾಯಿತು. ಹಳೆಯ ಚೀಸಿನಲ್ಲಿರುವ ಟೈರಮೈನ್ ಅನ್ನು ಒಡೆಯುವುದೂ ಅದೇ ಕಿಣ್ವ. ಮಾತ್ರೆ ಕಿಣ್ವವನ್ನು ಕಟ್ಟಿಹಾಕಿದಾಗ ಟೈರಮೈನ್ ನೇರ ರಕ್ತಕ್ಕೆ ಇಳಿಯುತ್ತಿತ್ತು.

ಮುಂದೆ ಖಿನ್ನತೆಗೆ ಹೊಸ ಬಗೆಯ ಮಾತ್ರೆಗಳು ಬಂದವು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ಸರ್ಟ್ರಾಲಿನ್, ಎಸಿಟಲೋಪ್ರಾಮ್ ಇದರ ತಮ್ಮಂದಿರು. ಬಿಡುಗಡೆಯಾದ ಸೆರೊಟೋನಿನ್ ಅನ್ನು ನರಕೋಶ ಮತ್ತೆ ಒಳಗೆ ಎಳೆದುಕೊಳ್ಳದಂತೆ ಇವು ತಡೆಯುತ್ತವೆ. ಕೆರೆಯ ಲೆಕ್ಕದಲ್ಲಿ ಹೇಳುವುದಾದರೆ, ಹಳೆಯ ಮಾತ್ರೆ ಕೋಡಿಯನ್ನು ಮುಚ್ಚುತ್ತದೆ, ಹೊಸ ಮಾತ್ರೆ ತೂಬನ್ನು ಮುಚ್ಚುತ್ತದೆ. ಒಂದನ್ನು ಮುಚ್ಚಿದರೆ ಕೆರೆ ತುಂಬುತ್ತದೆ. ಎರಡನ್ನೂ ಮುಚ್ಚಿದರೆ ಏರಿಗೇ ಅಪಾಯ. ಕೈಕಾಲು ನಡುಕ, ವಿಪರೀತ ಬೆವರು, ತಳಮಳ, ಎದೆಬಡಿತದ ಏರಿಕೆ, ಜ್ವರ, ಸ್ನಾಯುಗಳ ಸೆಡೆತ ಕಾಣಿಸಿಕೊಳ್ಳುತ್ತವೆ. ವೈದ್ಯರು ಇದನ್ನು ಸೆರೊಟೋನಿನ್ ಸಿಂಡ್ರೋಮ್ ಎನ್ನುತ್ತಾರೆ. ತೀವ್ರವಾದರೆ ಜೀವವೇ ಹೋಗಬಹುದು.

ಆ ಹೊತ್ತಿಗೆ ಕೋಡಿ ಮುಚ್ಚುವ ಹಳೆಯ ಮಾತ್ರೆಗಳ ಬಳಕೆ ಬಹಳ ಕಡಿಮೆಯಾಗಿತ್ತು. ಆದರೆ ಆ ಗುಣ ಇನ್ನೊಂದು ಬಾಗಿಲಿನಿಂದ ಒಳಬಂತು. 2000ನೇ ಇಸವಿಯಲ್ಲಿ ಲಿನೆಝೊಲಿಡ್ ಎಂಬ ಆಂಟಿಬಯಾಟಿಕ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ಆಕ್ಸಝೊಲಿಡಿನೋನ್ ಕುಲದ್ದು. ಇದೇ ಕುಲದ ಟೊಲೊಕ್ಸಟೋನ್ ಎಂಬ ಔಷಧಿ ಫ್ರಾನ್ಸಿನಲ್ಲಿ ಖಿನ್ನತೆಗೆ ಬಳಕೆಯಲ್ಲಿತ್ತು. ಲಿನೆಝೊಲಿಡ್ ಬ್ಯಾಕ್ಟೀರಿಯಾಗಳನ್ನು ತಡೆಯುವುದರ ಜೊತೆಗೆ ಝೆಲ್ಲರ್ ಗುರುತಿಸಿದ ಆ ಕಿಣ್ವವನ್ನೂ ಅಷ್ಟಿಷ್ಟು ತಡೆಯುತ್ತದೆ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಸೆರೊಟೋನಿನ್ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಲಿನೆಝೊಲಿಡ್ ಕೊಡುವಾಗ ಎಚ್ಚರವಿರಲಿ ಎಂದು ಸೂಚನೆ ಹೊರಡಿಸಿತು.

ಈಗ ಈ ಕಥೆ ತಿರುಗಿ ಕ್ಷಯದ ಹತ್ತಿರವೇ ಬಂದಿದೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಲಿನೆಝೊಲಿಡ್ ಇವತ್ತು ಮುಖ್ಯ ಮದ್ದು. 2024ರಲ್ಲಿ ನಮ್ಮ ಆರೋಗ್ಯ ಸಚಿವಾಲಯ ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸೆಯ ನಾಲ್ಕು ಔಷಧಿಗಳಲ್ಲಿ ಅದೂ ಒಂದು. ಅಂದು ಕ್ಷಯದ ಔಷಧಿ ಖಿನ್ನತೆಯ ಮಾತ್ರೆಯಾಯಿತು. ಇಂದು ಖಿನ್ನತೆಯ ಮಾತ್ರೆಯ ಸಂಬಂಧಿ ಕ್ಷಯದ ಔಷಧಿಯಾಗಿದೆ.

ಪುಸ್ತಕದ ಈ ಕಥೆ ನಮ್ಮ ಮನೆಗೂ ಬಂತು. ನನ್ನ ಚಿಕ್ಕಮ್ಮನಿಗೆ ಇಂಥದೇ ಕ್ಷಯ ಬಂದಿತ್ತು. ಅದಕ್ಕೂ ಮುಂಚಿನಿಂದ ಆಕೆ ಎಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಅದರ ಹೆಸರು ತಲೆನೋವಿನ ಮಾತ್ರೆ. ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಡಾಕ್ಟರು ಕೇಳಿದಾಗ ಪಕ್ಕದಲ್ಲಿ ಅತ್ತೆ ಕೂತಿದ್ದರು. "ಏನೂ ಇಲ್ಲ ಸಾರ್" ಎಂದುಬಿಟ್ಟರು. ರಾತ್ರಿ ನನಗೆ ಫೋನು: "ಪುಟ್ಟಿ, ನೀನು ಔಷಧಿ ಚರಿತ್ರೆ ಓದ್ತಿದ್ದೀಯಲ್ಲ, ಆ ಮಾತ್ರೆ ಇದರ ಜೊತೆ ತಗೋಬಹುದಾ?" ನಾನು ಡಾಕ್ಟರಲ್ಲ, ಎರಡೂ ಚೀಟಿ ಹಿಡಿದು ನಾಳೆ ಇಬ್ಬರೇ ಹೋಗೋಣ ಅಂದೆ. ಡಾಕ್ಟರು ಬೈಯಲಿಲ್ಲ. ಮನೋವೈದ್ಯರಿಗೆ ಫೋನ್ ಮಾಡಿ ಮಾತಾಡಿದರು. ಎರಡೂ ಮುಂದುವರಿಯಲಿ, ನಡುಕ, ಬೆವರು, ಜ್ವರ ಕಂಡರೆ ಕೂಡಲೇ ಬನ್ನಿ ಎಂದರು. ಮೊದಲ ವಾರಗಳಲ್ಲಿ ಪದೇ ಪದೇ ಕರೆಸಿ ನೋಡಿದರು.

ಆ ನಿರ್ಧಾರಕ್ಕೆ ಆಧಾರವಿದೆ. ಕೆನಡಾದ ಒಂಟಾರಿಯೋದಲ್ಲಿ ಲಿನೆಝೊಲಿಡ್ ತೆಗೆದುಕೊಂಡ 1,134 ಹಿರಿಯರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸೆರೊಟೋನಿನ್ ಸಿಂಡ್ರೋಮ್ ಕಂಡದ್ದು ಶೇ. 0.5ಕ್ಕಿಂತ ಕಡಿಮೆ ಜನರಲ್ಲಿ. ಖಿನ್ನತೆಯ ಮಾತ್ರೆ ನುಂಗುತ್ತಿದ್ದವರಲ್ಲಿ ಅಪಾಯ ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ. ಅಂದರೆ ಭಯಪಟ್ಟು ಒಂದನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯವೇ. ಖಿನ್ನತೆಯ ಮಾತ್ರೆ ಹಠಾತ್ತನೆ ಬಿಟ್ಟರೆ ಮನಸ್ಸು ಕುಸಿಯಬಹುದು, ಕ್ಷಯದ ಮಾತ್ರೆ ಬಿಟ್ಟರೆ ರೋಗಾಣು ಇನ್ನಷ್ಟು ಬಲಿಯುತ್ತದೆ. ಯಾರಿಗೆ ಏನು ಸರಿ ಎಂಬುದನ್ನು ಎರಡೂ ಚೀಟಿ ಕಂಡ ವೈದ್ಯರು ಮಾತ್ರ ಹೇಳಬಲ್ಲರು.

ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1954ರಲ್ಲಿ, ಕ್ಷಯದ ರಾಷ್ಟ್ರೀಯ ಸಂಸ್ಥೆ 1959ರಲ್ಲಿ ಶುರುವಾದವು. ಒಂದೇ ಊರು, ಎರಡು ದಿಕ್ಕು. ಕ್ಷಯ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಅಚ್ಚಾಯಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಅದಾಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು, ಕೆಮ್ಮಿನ ಔಷಧಿ ಕೊಟ್ಟು ಅವರನ್ನು ಕಳಿಸಲಾಗಿತ್ತು. ಜನರಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನು ಆ ಅಧ್ಯಯನ ಅಲುಗಾಡಿಸಿತು. ಜನ ಬಂದಿದ್ದರು, ಕೇಳುವವರು ಇರಲಿಲ್ಲ.

ಅದೇ ವರ್ಷ ನಾಟಿಂಗ್‌ಹ್ಯಾಮ್‌ನಿಂದ ಹೋದ ಪತ್ರವನ್ನು ನೆನೆಯುತ್ತೇನೆ. ಹೆಂಡತಿಯ ಊಟದ ತಟ್ಟೆಯನ್ನೂ ತಲೆನೋವನ್ನೂ ಒಟ್ಟಿಗೆ ಗಮನಿಸಿದ ಗಂಡ ಆತ. ಅವಳು ಯಾವ ಮಾತ್ರೆ ನುಂಗುತ್ತಾಳೆಂಬುದು ಆ ಮನೆಯಲ್ಲಿ ಗುಟ್ಟಾಗಿರಲಿಲ್ಲ. ಗುಟ್ಟಾಗಿದ್ದಿದ್ದರೆ ಆ ಪತ್ರ ಬರೆಯುವವರೇ ಇರುತ್ತಿರಲಿಲ್ಲ.